ದಿನದ ಓಡಾಟಕ್ಕೆ ಹಳೆಯ ಆಫ್‌ರೋಡ್ ಗಾಡಿ: ಬಣ್ಣ ಆಮೇಲೆ, ಮೊದಲು ಚಾಸಿ ನೋಡಿ

ಪ್ರಶ್ನೆ: ಸರ್, ನಮಸ್ಕಾರ. ದಿನಾ ಕೆಲಸಕ್ಕೆ ಹೋಗಿಬರೋಕೆ ಒಂದು ಹಳೇ ಫೋರ್ ವೀಲ್ ಡ್ರೈವ್ ಗಾಡಿ ತಗೋಬೇಕು ಅಂತ ತುಂಬಾ ದಿನದ ಆಸೆ. ಕೈಲಿರೋ ದುಡ್ಡು ಕಮ್ಮಿ, ಮನೇಲಿ ಬೇರೆ ಕಾರೂ ಇಲ್ಲ. ಎರಡು ಗಾಡಿ ನೋಡಿಟ್ಟಿದ್ದೀನಿ, ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಬೆಲೆ. ಒಂದು 2001ರ ಜೀಪ್ ರ‍್ಯಾಂಗ್ಲರ್ ಟಿಜೆ, 4.0 ಲೀಟರ್ ಎಂಜಿನ್. ಸಸ್ಪೆನ್ಷನ್ ಎತ್ತರಿಸಿದ್ದಾರೆ, 33 ಇಂಚಿನ ಮಡ್ ಟೈರ್, ಮುಂದೆ ಕೆಸರಲ್ಲಿ ಸಿಕ್ಕಿದ್ರೆ ಎಳೆಯೋ ವಿಂಚ್, ಹೊಸ ಪೇಂಟ್, ಅಡಿಭಾಗವೆಲ್ಲ ಕಪ್ಪಗೆ ಹೊಳೀತಿದೆ. ಇನ್ನೊಂದು 2008ರ ಸುಜುಕಿ ಜಿಮ್ನಿ. ಕಂಪನಿಯಿಂದ ಬಂದ ಹಾಗೇ ಇದೆ, ಬಾನೆಟ್ ಮೇಲೆ ಬಣ್ಣ ಮಾಸಿದೆ, ಡ್ರೈವರ್ ಸೀಟು ಹರಿದಿದೆ. ಮನಸ್ಸು ರ‍್ಯಾಂಗ್ಲರ್ ಕಡೆ ಎಳೀತಿದೆ. ಯಾವುದು ತಗೊಳ್ಳಲಿ?

ಉತ್ತರ: ನಮಸ್ಕಾರ. ನಾನು ಇಂಥ ಗಾಡಿಗಳನ್ನೇ ರಿಪೇರಿ ಮಾಡುವವನು, ಹಾಗಾಗಿ ಮುಚ್ಚುಮರೆ ಇಲ್ಲದೆ ಹೇಳುತ್ತೇನೆ. ಎರಡನ್ನೂ ಕಣ್ಣಾರೆ ನೋಡದೆ ಒಂದನ್ನು ಆರಿಸಿ ಎಂದರೆ ನನ್ನ ಆಯ್ಕೆ ಬಣ್ಣ ಮಾಸಿದ ಜಿಮ್ನಿ.

ರ‍್ಯಾಂಗ್ಲರ್ ಕೆಟ್ಟ ಗಾಡಿ ಅಂತಲ್ಲ. 1997ರಿಂದ 2006ರವರೆಗೆ ಬಂದ ಟಿಜೆ ಒಳ್ಳೆಯ ಗಾಡಿ. ಅದರ ಹಿಂದಿನ ಮಾದರಿಯಾದ ವೈಜೆಯಲ್ಲಿದ್ದ ಪಟ್ಟಿ ಸ್ಪ್ರಿಂಗ್ ತೆಗೆದು ಕಾಯಿಲ್ ಸ್ಪ್ರಿಂಗ್ ಕೊಟ್ಟಿದ್ದರಿಂದ ದಿನ ಓಡಿಸಲು ಸೊಂಟಕ್ಕೂ ಹಿತ. ತೊಂದರೆ ಇರುವುದು ಅದಕ್ಕೆ ಆಮೇಲೆ ಮಾಡಿಸಿದ ಕೆಲಸದಲ್ಲಿ. ಗಾಡಿ ಎತ್ತರಿಸಿದಾಗ ಆಕ್ಸಲಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೋನ ಬದಲಾಗುತ್ತದೆ, ಅದನ್ನು ಸರಿಪಡಿಸದೆ ಬಿಟ್ಟರೆ ಅದರ ತುದಿಯ ಯುನಿವರ್ಸಲ್ ಜಾಯಿಂಟ್ ಬೇಗ ಸವೆಯುತ್ತದೆ. ಆ ಗಾಡಿಗೆ ಮೂಲದಲ್ಲಿ ಬರುತ್ತಿದ್ದ 225/75 ಆರ್ 15 ಟೈರಿನ ಎತ್ತರ ಸುಮಾರು 28 ಇಂಚು. ಅಲ್ಲಿ 33 ಇಂಚು ಹಾಕಿ ಮೀಟರಿನ ಗೇರ್ ಬದಲಿಸದಿದ್ದರೆ, ಮೀಟರ್ 70 ತೋರಿಸುವಾಗ ನೀವು 80ರ ಮೇಲಿರುತ್ತೀರಿ. ಓಡಿದ ಕಿಲೋಮೀಟರ್ ಕೂಡ ಕಡಿಮೆ ದಾಖಲಾಗುತ್ತದೆ. ಬ್ರೇಕ್ ಮಾತ್ರ ಹಳೆಯದೇ, ನಿಲ್ಲಿಸಬೇಕಾದ ಚಕ್ರ ಮೊದಲಿಗಿಂತ ದೊಡ್ಡದು, ಭಾರದ್ದು. ವಾರಕ್ಕೊಮ್ಮೆ ಕೆಸರಿಗಿಳಿಯುವವನಿಗೆ ಇದು ಸರಿ. ದಿನಾ ಬೆಳಿಗ್ಗೆ ಸಿಗ್ನಲ್ಲಿನಿಂದ ಸಿಗ್ನಲ್ಲಿಗೆ ಹೋಗುವ ನಿಮಗೆ ಯಾಕೆ?

ಆದರೆ ನಿಜವಾದ ಪರೀಕ್ಷೆ ಚಾಸಿಯದು, ಅಂದರೆ ಇಡೀ ಗಾಡಿಯನ್ನು ಹೊರುವ ಕಬ್ಬಿಣದ ಚೌಕಟ್ಟಿನದು. ಎಂಜಿನ್ ಬಿಚ್ಚಿ ಕಟ್ಟಬಹುದು, ಕ್ಲಚ್ ಬದಲಿಸಬಹುದು, ಸೀಟು ಹೊಲಿಸಬಹುದು. ಒಳಗಿಂದ ತುಕ್ಕು ತಿಂದ ಚಾಸಿಗೆ ಕಡಿಮೆ ಖರ್ಚಿನ ಮದ್ದಿಲ್ಲ. ಟಿಜೆಯ ಚಾಸಿ ಕೊಳವೆಯಂತೆ ಮುಚ್ಚಿರುತ್ತದೆ. ಕೆಸರು ಒಳಗೆ ಹೋಗುತ್ತದೆ, ನೀರು ಇಳಿಯುವ ತೂತು ಕಟ್ಟಿಕೊಂಡರೆ ಅಲ್ಲೇ ಕೂರುತ್ತದೆ. ಹಿಂದಿನ ಚಕ್ರದ ಸ್ವಲ್ಪ ಮುಂದೆ, ಆಕ್ಸಲನ್ನು ಹಿಡಿದಿಡುವ ಕಂಟ್ರೋಲ್ ಆರ್ಮ್ ಕೂರುವ ಜಾಗದಲ್ಲೇ ಹೆಚ್ಚಾಗಿ ಕೊಳೆಯುವುದು. ಹೊರಗಿನಿಂದ ಚೆನ್ನಾಗಿಯೇ ಕಾಣುತ್ತದೆ. ಟಾರ್ಚ್ ಮತ್ತು ಸಣ್ಣ ಸುತ್ತಿಗೆ ತೆಗೆದುಕೊಂಡು ಹೋಗಿ, ಮಾರುವವರ ಒಪ್ಪಿಗೆ ಕೇಳಿ, ಚಾಸಿಯ ಉದ್ದಕ್ಕೂ ಹಗುರವಾಗಿ ತಟ್ಟುತ್ತ ಬನ್ನಿ. ಗಟ್ಟಿ ಕಬ್ಬಿಣ ಟಣ್ ಎನ್ನುತ್ತದೆ. ಸದ್ದು ಇದ್ದಕ್ಕಿದ್ದಂತೆ ಮಂಕಾದರೆ, ಚಕ್ಕೆ ಉದುರಿದರೆ, ಅಲ್ಲೇ ನಿಲ್ಲಿ. ಹೊಸದಾಗಿ ಬಳಿದ ಕಪ್ಪು ಕೋಟಿಂಗ್ ನನಗೆ ಯಾವತ್ತೂ ಅನುಮಾನ ತರಿಸುತ್ತದೆ. ಬಳಿಯುವ ಮೊದಲಿನ ಫೋಟೋ ಇದೆಯೇ ಎಂದು ಕೇಳಿ. ತಟ್ಟಲು ಒಪ್ಪದಿದ್ದರೆ ಅದೇ ನಿಮಗೆ ಉತ್ತರ.

ಇನ್ನೊಬ್ಬ ಸದಸ್ಯರು: ಸರ್, ಎಂಜಿನ್ ಬಗ್ಗೆ ಏನೂ ಹೇಳಲಿಲ್ಲ. ಆ 4.0 ಎಂಜಿನ್ ಸಾಯೋದೇ ಇಲ್ಲ ಅಂತಾರಲ್ಲ?

ಉತ್ತರ: ಆರು ಸಿಲಿಂಡರ್ ಸಾಲಾಗಿ ನಿಂತ ಆ ಎಂಜಿನ್ನಿಗೆ ಒಳ್ಳೆಯ ಹೆಸರಿದೆ, ಅದು ದುಡಿದು ಗಳಿಸಿದ ಹೆಸರು. ಒಂದು ಎಚ್ಚರಿಕೆ: 2000ದ ಸುಮಾರಿಗೆ ಬಂದ, 0331 ಎಂಬ ಅಚ್ಚಿನ ಸಂಖ್ಯೆಯ ಸಿಲಿಂಡರ್ ಹೆಡ್‌ಗಳಲ್ಲಿ ಮಧ್ಯದ ಮೂರು ಮತ್ತು ನಾಲ್ಕನೆಯ ಸಿಲಿಂಡರ್ ನಡುವೆ ಬಿರುಕು ಬಿಡುವ ದೋಷ ಕಂಡುಬಂದಿದೆ. ಬಿರುಕು ಬಿಟ್ಟರೆ ಎಂಜಿನ್ ತಂಪು ಮಾಡುವ ಕೂಲೆಂಟ್ ಆಯಿಲಿಗೆ ಇಳಿಯುತ್ತದೆ. ಆಯಿಲ್ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ, ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಹಾಲು ಬೆರೆಸಿದ ಬಣ್ಣಕ್ಕೆ ತಿರುಗಿದ್ದರೆ ಬೆಲೆ ಮಾತಾಡಲೇಬೇಡಿ. ಇನ್ನೊಂದು, ಗಾಡಿ ನೋಡಲು ಹೋದಾಗ ಎಂಜಿನ್ ತಣ್ಣಗಿರಬೇಕು ಎಂದು ಮೊದಲೇ ಹೇಳಿಟ್ಟಿರಿ. ಬಿಸಿ ಮಾಡಿಟ್ಟ ಎಂಜಿನ್ ತನ್ನ ಅರ್ಧ ಕಾಯಿಲೆ ಮುಚ್ಚಿಡುತ್ತದೆ.

ಇನ್ನೊಬ್ಬ ಸದಸ್ಯರು: ನಮ್ಮ ಭಾವನ ಹತ್ರ ಹಳೇ ಜೀಪ್ ಚೆರೋಕಿ ಎಕ್ಸ್‌ಜೆ ಇದೆ, ಕಮ್ಮಿಗೆ ಕೊಡ್ತೀನಿ ಅಂತಿದ್ದಾರೆ. ಅದೇ ಎಂಜಿನ್ ಅಲ್ವಾ?

ಉತ್ತರ: 1987ರ ನಂತರದ್ದಾದರೆ, 4.0 ಹಾಕಿ ಬಂದಿದ್ದರೆ, ಅದೇ. ದಿನದ ಓಡಾಟಕ್ಕೆ ರ‍್ಯಾಂಗ್ಲರಿಗಿಂತ ಚೆರೋಕಿಯೇ ಅನುಕೂಲ: ಹೆಚ್ಚಿನವಕ್ಕೆ ನಾಲ್ಕು ಬಾಗಿಲು, ಗಟ್ಟಿ ಛಾವಣಿ, ಸಾಮಾನಿಗೆ ಜಾಗ. ಆದರೆ ಇದಕ್ಕೆ ಬೇರೆ ಚಾಸಿ ಇಲ್ಲ, ಬಾಡಿಯೇ ಚಾಸಿ. ಹಾಗಾಗಿ ಕಾಲಡಿಯ ಕಾರ್ಪೆಟ್ ಎತ್ತಿ ತಗಡು ಒತ್ತಿ ನೋಡಿ. ಅಲ್ಲಿ ತೂತು ಬಿದ್ದಿದ್ದರೆ ಗಾಡಿಯ ಬೆನ್ನೆಲುಬಿಗೂ ತುಕ್ಕು ಹತ್ತಿರುವ ಸಾಧ್ಯತೆ ಇದೆ.

ಇನ್ನೊಬ್ಬ ಸದಸ್ಯರು: ಮಳೆಗಾಲದಲ್ಲಿ ಟಾರ್ ರೋಡಿನಲ್ಲೂ 4ಎಚ್ (ನಾಲ್ಕೂ ಚಕ್ರ ಎಳೆಯೋ ಹಾಗೆ) ಹಾಕಿಕೊಂಡೇ ಓಡಿಸಿದರೆ ಹಿಡಿತ ಜಾಸ್ತಿ ಅಲ್ವಾ ಸರ್?

ಉತ್ತರ: ದಯವಿಟ್ಟು ಬೇಡ. ಜಿಮ್ನಿಯೂ ಹೆಚ್ಚಿನ ಟಿಜೆಗಳೂ ಬೇಕಾದಾಗ ಮಾತ್ರ ಹಾಕುವ ಪಾರ್ಟ್‌ಟೈಮ್ ಫೋರ್ ವೀಲ್ ಡ್ರೈವ್. ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಉರುಳಬೇಕು. 4ಎಚ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುವುದರಿಂದ ಆ ವ್ಯತ್ಯಾಸಕ್ಕೆ ದಾರಿ ಇರುವುದಿಲ್ಲ. ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರಿ ಸರಿಹೋಗುತ್ತದೆ. ಗಟ್ಟಿ ರಸ್ತೆಯಲ್ಲಿ ಜಾರಲು ಆಗದೆ ಅಷ್ಟೂ ಒತ್ತಡ ಮುಂದಕ್ಕೂ ಹಿಂದಕ್ಕೂ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಮತ್ತು ಜಾಯಿಂಟುಗಳ ಮೇಲೆ ಬೀಳುತ್ತದೆ. ಸ್ಟಿಯರಿಂಗ್ ಬಿಗಿಯಾಗುತ್ತದೆ, ತಿರುವಿನಲ್ಲಿ ಗಾಡಿ ಎಳೆದು ಹಿಡಿದಂತೆ ನಿಲ್ಲುತ್ತದೆ. ಬರೀ ಒದ್ದೆಯಾದ ಟಾರ್ ರಸ್ತೆಗೆ 2ಎಚ್ (ಎರಡೇ ಚಕ್ರ ಎಳೆಯುವಂತೆ), ಒಳ್ಳೆಯ ಟೈರ್, ನಿಧಾನ, ಇಷ್ಟು ಸಾಕು. ಯಾವಾಗಲೂ ನಾಲ್ಕೂ ಚಕ್ರ ಎಳೆಯಲೇಬೇಕು ಎನ್ನುವವರು ಮುಂದಿನ, ಹಿಂದಿನ ಶಾಫ್ಟ್ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ನಡುವೆ ಇರುವ ಗಾಡಿ ಹುಡುಕಬೇಕು. ಟೊಯೋಟಾ ಲ್ಯಾಂಡ್ ಕ್ರೂಸರ್ 80ರಲ್ಲಿ ಅಂಥ ಮಾದರಿಗಳಿವೆ, ಆದರೆ ಅದರ ಇಂಧನದ ಖರ್ಚು ಸಣ್ಣ ಬಜೆಟ್ಟಿಗೆ ಭಾರ.

ಪ್ರಶ್ನೆ ಕೇಳಿದವರು: ಸರ್, ಎರಡೂ ಗಾಡಿ ಮತ್ತೆ ನೋಡಿ ಬಂದೆ. ರ‍್ಯಾಂಗ್ಲರಿನಲ್ಲಿ ನೀವು ಹೇಳಿದ ಜಾಗದಲ್ಲೇ ಸದ್ದು ಮಂಕಾಯ್ತು. ಕಪ್ಪು ಕೋಟಿಂಗ್ ಉಗುರಲ್ಲಿ ಕೆರೆದರೆ ಕೆಳಗೆ ಪ್ಲೇಟ್ ಇಟ್ಟು ವೆಲ್ಡಿಂಗ್ ಮಾಡಿದ ಗೆರೆ ಕಾಣ್ತು. ಗಟ್ಟಿಯಾಗಲಿ ಅಂತ ಮಾಡಿಸಿದ್ದು ಅಂದರು. ಜಿಮ್ನಿ ಚಾಸಿ ಉದ್ದಕ್ಕೂ ಟಣ್ ಅಂತು, ಮೇಲೆ ಸ್ವಲ್ಪ ಕಂದು ತುಕ್ಕು ಇದೆ. ಆದರೆ 70ರ ಹತ್ರ ಸ್ಟಿಯರಿಂಗ್ ನಡುಗುತ್ತೆ. ಮುಂದಿನ ಚಕ್ರಗಳ ಒಳಗಡೆ ಎಣ್ಣೆ, ಗ್ರೀಸ್ ಸೇರಿ ಕಪ್ಪಗೆ ಒಸರಿದೆ. ಭಯ ಆಗ್ತಿದೆ.

ಉತ್ತರ: ನೀವು ಕೆರೆದು ನೋಡಿದ್ದು ಬಹಳ ಒಳ್ಳೆಯದಾಯಿತು. ಆ ರ‍್ಯಾಂಗ್ಲರ್ ಬಿಟ್ಟುಬಿಡಿ. ಪ್ಲೇಟ್ ಹಾಕುವುದೇ ತಪ್ಪಲ್ಲ, ಕೊಳೆತದ್ದನ್ನು ಕತ್ತರಿಸಿ ತೆಗೆದು ಅಳತೆಗೆ ಸರಿಯಾಗಿ ಹಾಕಿದ ಕೆಲಸವನ್ನು ನಾನೂ ಒಪ್ಪುತ್ತೇನೆ. ಆದರೆ ಅಂಥ ಕೆಲಸ ಮಾಡಿಸಿದವರು ಅದನ್ನು ಕೋಟಿಂಗ್ ಅಡಿಯಲ್ಲಿ ಬಚ್ಚಿಡುವುದಿಲ್ಲ, ತಾವೇ ಬೆರಳಿಟ್ಟು ತೋರಿಸುತ್ತಾರೆ. ಮನೆಯವರನ್ನೆಲ್ಲ ಕೂರಿಸಿಕೊಂಡು ಓಡಾಡುವ ಗಾಡಿ ಅದು, ವಿಂಚಿನ ಆಸೆಗೆ ಬೀಳಬೇಡಿ.

ಜಿಮ್ನಿಯ ನಡುಕಕ್ಕೆ ಭಯ ಬೇಡ, ಅಸಡ್ಡೆಯೂ ಬೇಡ. 1998ರಿಂದ 2018ರವರೆಗಿನ ಈ ಮಾದರಿಗೆ ಮುಂದೆಯೂ ಹಿಂದೆಯೂ ಇಡಿಯಾದ ಆಕ್ಸಲ್. ಮುಂದಿನ ಚಕ್ರ ಎಡಬಲ ತಿರುಗುವ ಜಾಗದಲ್ಲಿ ಕಿಂಗ್‌ಪಿನ್ ಬೇರಿಂಗ್‌ಗಳಿವೆ, ವಯಸ್ಸಾದಂತೆ ಅವು ಸಡಿಲಗೊಳ್ಳುತ್ತವೆ. ಒಳಗಡೆ ಒಸರುವುದು ಸೀಲ್ ಹೋಗಿರುವುದರಿಂದ. ಎರಡನ್ನೂ ಒಟ್ಟಿಗೇ ಬಿಚ್ಚಿ ಮಾಡಿಸುವುದು ಲಾಭ. ಅದಕ್ಕೂ ಮೊದಲು ಚಕ್ರ ಬ್ಯಾಲೆನ್ಸ್ ಮಾಡಿಸಿ ನೋಡಿ, ಎಷ್ಟೋ ನಡುಕ ಅಲ್ಲೇ ಮುಗಿಯುತ್ತದೆ. ಆಮೇಲೆ ಚಕ್ರಗಳು ನೆಲದ ಮೇಲಿರುವಾಗಲೇ ಒಬ್ಬರು ಸ್ಟಿಯರಿಂಗನ್ನು ಸ್ವಲ್ಪ ಸ್ವಲ್ಪ ಎಡಬಲ ಆಡಿಸಲಿ, ಇನ್ನೊಬ್ಬರು ಬಗ್ಗಿ ಪ್ಯಾನ್ಹಾರ್ಡ್ ರಾಡಿನ ಎರಡೂ ತುದಿ ನೋಡಲಿ. ಆಕ್ಸಲನ್ನು ಅಡ್ಡಲಾಗಿ ಚಾಸಿಗೆ ಹಿಡಿದಿಡುವ ಸಲಾಕೆ ಅದು. ರಾಡಿನ ತುದಿ ಬ್ರಾಕೆಟ್ಟಿನೊಳಗೆ ಅಲುಗಿದರೆ ಅದರ ರಬ್ಬರ್ ಬುಷ್ ಹೋಗಿದೆ. ಯಾರಾದರೂ ನಡುಕ ತಗ್ಗಿಸುವ ಸ್ಟಿಯರಿಂಗ್ ಡ್ಯಾಂಪರ್ ಒಂದೇ ಬದಲಿಸಿದರೆ ಸಾಕು ಎಂದರೆ ಒಪ್ಪಬೇಡಿ. ನಡುಕ ಸ್ವಲ್ಪ ದಿನ ಮರೆಯಾಗುತ್ತದೆ, ಸಡಿಲವಾದದ್ದು ಸಡಿಲವಾಗಿಯೇ ಇರುತ್ತದೆ.

ಖರೀದಿಗೆ ಮೊದಲೇ ಈ ಕೆಲಸದ ಅಂದಾಜು ಪಟ್ಟಿ ಬರೆಸಿಕೊಳ್ಳಿ, ಬೆಲೆ ಮಾತಾಡುವಾಗ ಅದನ್ನೇ ಮುಂದಿಡಿ.

ಪ್ರಶ್ನೆ ಕೇಳಿದವರು: ಫೋರ್ ವೀಲ್ ಬಟನ್ ಒತ್ತಿದರೆ ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತೆ. ಸರಿ ಇದೆ ಅಂತ ಅಂದ್ಕೊಳ್ಳಬಹುದಾ?

ಉತ್ತರ: ದೀಪ ಒಂದನ್ನೇ ನಂಬಬೇಡಿ. ಈ ಗಾಡಿಯಲ್ಲಿ ಮುಂದಿನ ಚಕ್ರಗಳನ್ನು ಶಾಫ್ಟಿಗೆ ಜೋಡಿಸುವ ಹಬ್‌ಗಳು ವ್ಯಾಕ್ಯೂಮ್‌ನಿಂದ ಕಚ್ಚಿಕೊಳ್ಳುತ್ತವೆ. ಸಣ್ಣ ರಬ್ಬರ್ ಪೈಪ್ ಬಿರುಕು ಬಿಟ್ಟಿದ್ದರೂ ಹಬ್ ಕಚ್ಚುವುದಿಲ್ಲ, ದೀಪ ಮಾತ್ರ ಉರಿಯುತ್ತಿರಬಹುದು. ಗ್ಯಾರೇಜಿನಲ್ಲಿ ಫೋರ್ ವೀಲ್ ಹಾಕಿಸಿ, ಮುಂದಿನ ಒಂದು ಚಕ್ರ ಮಾತ್ರ ಎತ್ತಿಸಿ ಕೈಯಿಂದ ತಿರುಗಿಸಿ ನೋಡಲು ಹೇಳಿ. ಎರಡೂ ಹಬ್ ಕಚ್ಚಿದ್ದರೆ ಚಕ್ರ ಮಿಸುಕಾಡುವುದಿಲ್ಲ, ಸಲೀಸಾಗಿ ಸುತ್ತಿದರೆ ಒಂದಾದರೂ ಕಚ್ಚಿಲ್ಲ. ಎರಡೂ ಬದಿ ನೋಡಬೇಕು. ಮಣ್ಣಿನ ಜಾಗದಲ್ಲಿ 4ಎಲ್ (ನಾಲ್ಕೂ ಚಕ್ರ, ನಿಧಾನ ವೇಗ, ಹೆಚ್ಚು ಎಳೆತ) ಹಾಕಿ ಮುಂದಕ್ಕೂ ಹಿಂದಕ್ಕೂ ಓಡಿಸಿ. ಹೇಗಿದ್ದರೂ ಗಾಡಿ ಎತ್ತಿರುತ್ತೀರಲ್ಲ, ಎರಡೂ ಡಿಫರೆನ್ಷಿಯಲ್ಲಿನ ಆಯಿಲ್ ನೋಡಿಸಿ. ಬೆಳ್ಳಗಾಗಿದ್ದರೆ ಗಾಡಿ ಹೊಳೆಯಲ್ಲಿ ಇಳಿದಿದೆ, ನೀರು ಒಳಗೆ ಸೇರಿದೆ.

ಇನ್ನೊಬ್ಬ ಸದಸ್ಯರು: ನನ್ನದು ಪೂರ್ತಿ ಹೈವೇ ಓಡಾಟ ಸರ್. ಆಫ್‌ರೋಡ್ ಅಂತ ಹೋಗೋದು ವರ್ಷಕ್ಕೆ ಒಂದೆರಡು ಸಲ. ನಾನೂ ಜಿಮ್ನಿ ತಗೊಳ್ಳಲಾ?

ಉತ್ತರ: ನಿಮಗೆ ಬೇಡ ಎಂದೇ ಹೇಳುತ್ತೇನೆ. 1.3 ಲೀಟರಿನ ಸಣ್ಣ ಎಂಜಿನ್, ವೇಗ ಏರಿದಂತೆ ಸದ್ದು ಏರುತ್ತದೆ, ಗಾಳಿ ಬಂದರೆ ಅಲುಗುತ್ತದೆ. ಊರೊಳಗೆ ಚೆಂದ, ದಿನವಿಡೀ ಹೈವೇಯಲ್ಲಿ ಆಯಾಸ. ಒಳ್ಳೆಯ ಸಣ್ಣ ಕಾರು ಇಟ್ಟುಕೊಂಡು ಆ ಒಂದೆರಡು ಸಲಕ್ಕೆ ಸ್ನೇಹಿತರ ಗಾಡಿ ಹತ್ತಿ.

ಪ್ರಶ್ನೆ ಕೇಳಿದವರು: ಕೊನೇ ಪ್ರಶ್ನೆ ಸರ್. ಇರೋ ದುಡ್ಡೆಲ್ಲ ಗಾಡಿಗೇ ಹಾಕಬಹುದಾ?

ಉತ್ತರ: ಖಂಡಿತ ಬೇಡ. ನಾಲ್ಕರಲ್ಲಿ ಒಂದು ಪಾಲನ್ನಾದರೂ ಎತ್ತಿಟ್ಟೇ ಬೆಲೆ ಮಾತಿಗೆ ಕೂತುಕೊಳ್ಳಿ. ಬೇರೆ ಕಾರಿಲ್ಲ ಅಂದಿರಿ, ಗಾಡಿ ಒಂದು ವಾರ ಗ್ಯಾರೇಜಿನಲ್ಲಿ ನಿಂತರೆ ಕೆಲಸಕ್ಕೆ ಹೇಗೆ ಹೋಗುತ್ತೀರಿ ಅನ್ನುವುದನ್ನೂ ಈಗಲೇ ಯೋಚಿಸಿ. ತಂದ ಕೂಡಲೇ ಎಂಜಿನ್, ಗೇರ್‌ಬಾಕ್ಸ್, ಟ್ರಾನ್ಸ್‌ಫರ್ ಕೇಸ್, ಎರಡೂ ಡಿಫರೆನ್ಷಿಯಲ್, ಎಲ್ಲದರ ಆಯಿಲ್ ಬದಲಿಸಿ. ಬ್ರೇಕ್ ಆಯಿಲ್, ಕೂಲೆಂಟ್, ಬೆಲ್ಟ್, ಪೈಪುಗಳನ್ನೂ ಬಿಡಬೇಡಿ. ಹಿಂದಿನವರು ಹೋದ ತಿಂಗಳಷ್ಟೇ ಮಾಡಿಸಿದೆ ಎಂದರೆ ಬಿಲ್ಲು ಕೇಳಿ, ಇಲ್ಲದಿದ್ದರೆ ಮಾಡಿಸಿಲ್ಲ ಎಂದೇ ಲೆಕ್ಕ.

ಟೈರಿನ ಗೆರೆಗಳು ಆಳವಾಗಿವೆ ಎಂದು ಮೋಸಹೋಗಬೇಡಿ, ಕಡಿಮೆ ಓಡಿದ ಗಾಡಿಗಳಲ್ಲಿ ರಬ್ಬರು ಸವೆಯುವ ಮೊದಲೇ ಮುಪ್ಪಾಗಿರುತ್ತದೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ಸಂಖ್ಯೆ ಹುಡುಕಿ: 2314 ಎಂದಿದ್ದರೆ 2014ರ 23ನೇ ವಾರದಲ್ಲಿ ತಯಾರಾದದ್ದು. ಅಷ್ಟು ಹಳೆಯದಾದರೆ ಐದೂ ಬದಲಿಸಿ, ಸ್ಟೆಪ್ನಿಯನ್ನೂ ಸೇರಿಸಿ. ಮಡ್ ಟೈರ್ ಬೇಡ, ಕಂಪನಿ ಹೇಳಿದ ಅಳತೆಯ, ರಸ್ತೆಗೂ ಮಣ್ಣಿಗೂ ಆಗುವ ಆಲ್ ಟೆರೇನ್ ಹಾಕಿಸಿ. ನಡುಕದ ಅಂದಾಜು ಪಟ್ಟಿ ಕೈಗೆ ಬಂದಾಗ ಇಲ್ಲೇ ಹಾಕಿ, ಯಾವುದು ಈಗಲೇ ಮಾಡಿಸಬೇಕು, ಯಾವುದು ಕಾಯಬಹುದು ಅಂತ ಸಾಲುಸಾಲಾಗಿ ಹೇಳುತ್ತೇನೆ.