ಗ್ಯಾಸ್ ಒಂದೇ, ತೇವದ ಲೆಕ್ಕ ಎರಡು: ಯಾವ ಮೀಟರ್ ನಂಬೋದು?

ಪ್ರಶ್ನೆ: ಗ್ಲೈಕಾಲ್ ಟವರ್ (ಗ್ಲೈಕಾಲ್ ದ್ರವ ಗ್ಯಾಸ್‌ನ ನೀರನ್ನು ಹೀರುವ ಗೋಪುರ) ದಾಟಿ ಬರುವ ನೈಸರ್ಗಿಕ ಗ್ಯಾಸ್‌ಗೆ ಅಲ್ಯೂಮಿನಿಯಂ ಆಕ್ಸೈಡ್ ಸೆನ್ಸರ್‌ನ, ತೇವ ಅಳೆಯುವ ಅನಲೈಸರ್ ಹಾಕಿದ್ದೇವೆ. ಅದರ ಪ್ರಕಾರ ಗ್ಯಾಸ್ ಚೆನ್ನಾಗಿ ಒಣಗಿದೆ. ಚಿಲ್ಡ್ ಮಿರರ್‌ನಲ್ಲಿ (ಕನ್ನಡಿ ತಣಿಸಿ ಅದರ ಮೇಲೆ ಇಬ್ಬನಿ ಕೂರೋದನ್ನ ನೋಡುವ ಉಪಕರಣ) ನೋಡಿದರೆ ಡ್ಯೂ ಪಾಯಿಂಟ್ (ಇಬ್ಬನಿ ಮೂಡುವ ತಾಪಮಾನ) ಮಿತಿ ದಾಟಿದೆ, ಅಂದರೆ ಗ್ಯಾಸ್ ಒದ್ದೆ. ಅನುಭವ ಇರೋರು ದಯವಿಟ್ಟು ಹೇಳಿ.

ಉತ್ತರ 1: ಸರ್, ಎರಡೂ ಯಾವ ಪ್ರೆಶರ್‌ನಲ್ಲಿ ಓದ್ತಿವೆ ಅಂತ ಮೊದಲು ನೋಡಿ. ಅಮೆರಿಕದ ಪೈಪ್‌ಲೈನ್‌ಗಳಲ್ಲಿ ಸಾಮಾನ್ಯ ಮಿತಿ ಹತ್ತು ಲಕ್ಷ ಘನ ಅಡಿಗೆ 7 ಪೌಂಡ್ ನೀರು, ಅಂದರೆ ಸುಮಾರು 147 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 147 ಪಾಲು). ಇಷ್ಟೇ ನೀರಿರೋ ಗ್ಯಾಸ್‌ನ ಡ್ಯೂ ಪಾಯಿಂಟ್ 70 ಬಾರ್‌ನಲ್ಲಿ 0 ಡಿಗ್ರಿ ಆಸುಪಾಸು. ಅದನ್ನೇ ವಾತಾವರಣದ ಒತ್ತಡಕ್ಕೆ ಇಳಿಸಿ ಅಳೆದರೆ ಸುಮಾರು -39 ಡಿಗ್ರಿ! ಪ್ರೆಶರ್ ಬರೆಯದ ಡ್ಯೂ ಪಾಯಿಂಟ್ ಲಾಗ್‌ಬುಕ್‌ನಲ್ಲಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ನೀರಿನ ಪ್ರಮಾಣವನ್ನ ಡ್ಯೂ ಪಾಯಿಂಟ್‌ಗೆ, ಡ್ಯೂ ಪಾಯಿಂಟನ್ನ ನೀರಿನ ಪ್ರಮಾಣಕ್ಕೆ ತಿರುಗಿಸೋಕೆ ಐಎಸ್‌ಒ 18453 ಅನ್ನೋ ಅಂತರರಾಷ್ಟ್ರೀಯ ಮಾನದಂಡ ಇದೆ.

ಉತ್ತರ 2: ಪ್ರೆಶರ್ ಸರಿ ಇದ್ದರೆ ನನ್ನ ಅನುಮಾನ ಗ್ಲೈಕಾಲ್ ಮೇಲೆ. ಟವರ್‌ನಿಂದ ಮಂಜಿನ ಹಾಗೆ ಹಾರಿ ಬರುವ ಗ್ಲೈಕಾಲ್ ಸೆನ್ಸರ್ ಮೇಲೆ ಪದರ ಕಟ್ಟಿದರೆ ಅದು ಮಂಕಾಗುತ್ತೆ, ತೇವ ಏರಿದ್ದೂ ಬೇಗ ಗೊತ್ತಾಗಲ್ಲ. ಹಾಗಂತ ಮಿರರ್ ಸಾಚಾ ಅಂದ್ಕೋಬೇಡಿ. ಗ್ಲೈಕಾಲ್ ಜೊತೆ ಬೆರೆತ ನೀರು ನಿಜವಾದ ಡ್ಯೂ ಪಾಯಿಂಟ್‌ಗಿಂತ ಮೊದಲೇ ಕನ್ನಡಿ ಮೇಲೆ ಕೂರುತ್ತೆ, ಗ್ಯಾಸ್ ಇರೋದಕ್ಕಿಂತ ಒದ್ದೆ ಅನ್ನಿಸುತ್ತೆ. ನಿಮ್ಮಲ್ಲಿ ಎರಡೂ ಒಟ್ಟಿಗೆ ಆಗ್ತಿರಬಹುದು.

ಮಿರರ್ ನೋಡುವವರ ಕಣ್ಣು ಪಳಗಿರಬೇಕು. ನೀರಿನ ಇಬ್ಬನಿ ಕನ್ನಡಿಯ ಅತಿ ತಣ್ಣಗಿನ ಜಾಗದಲ್ಲಿ ಬೆಳ್ಳಗೆ, ದುಂಡಗೆ ಮೂಡುತ್ತೆ. ಕಾಮನಬಿಲ್ಲಿನ ಬಣ್ಣ ಹೊಳೆದರೆ ಅದು ಹೈಡ್ರೋಕಾರ್ಬನ್ (ಗ್ಯಾಸ್‌ನಲ್ಲಿರೋ ಎಣ್ಣೆಯಂಥ ಅಂಶ), ಲೆಕ್ಕಕ್ಕೆ ತಗೋಬೇಡಿ. ಡ್ಯೂ ಪಾಯಿಂಟ್ ಹತ್ತಿರ ಬಂದಾಗ ನಿಮಿಷಕ್ಕೆ ಅರ್ಧ ಡಿಗ್ರಿಗಿಂತ ವೇಗವಾಗಿ ತಣಿಸಬೇಡಿ. ಇಬ್ಬನಿ ಮೂಡಿದ ತಾಪಮಾನ, ಮಾಯವಾದ ತಾಪಮಾನ ಎರಡನ್ನೂ ಬರೆದು ಸರಾಸರಿ ತೆಗೀರಿ. ಶಿಫ್ಟ್ ಮುಗಿಯೋ ಹೊತ್ತಲ್ಲಿ ಇಷ್ಟು ತಾಳ್ಮೆ ಯಾರಿಗಿರುತ್ತೆ ಅನ್ನೋದು ಬೇರೆ ಮಾತು.

ಉತ್ತರ 3: ಸ್ಯಾಂಪಲ್ ಲೈನ್ (ಮೀಟರ್‌ಗೆ ಗ್ಯಾಸ್ ತರುವ ಸಣ್ಣ ಕೊಳವೆ) ಬಗ್ಗೆ ಯಾರೂ ಹೇಳಲೇ ಇಲ್ಲ! ಪ್ಲಾಸ್ಟಿಕ್ ಟ್ಯೂಬ್ ಇದ್ದರೆ ಇವತ್ತೇ ಕಿತ್ತು ಸ್ಟೇನ್‌ಲೆಸ್ ಸ್ಟೀಲ್ ಹಾಕಿ. ಒಳಗೆ ಪ್ರೆಶರ್ ಎಷ್ಟೇ ಇರಲಿ, ಹೊರಗಿನ ಗಾಳಿಯ ತೇವ ಟ್ಯೂಬ್‌ನ ಗೋಡೆ ದಾಟಿ ಒಳಗೆ ಬರುತ್ತೆ, ಯಾಕಂದ್ರೆ ಒಣ ಗ್ಯಾಸ್‌ನಲ್ಲಿ ನೀರಿನ ಆಂಶಿಕ ಒತ್ತಡ (ನೀರಾವಿಯೊಂದರದ್ದೇ ಒತ್ತಡ) ಹೊರಗಿಗಿಂತ ಕಡಿಮೆ. ರೆಗ್ಯುಲೇಟರ್‌ನಲ್ಲಿ ಒಂದು ಬಾರ್ ಪ್ರೆಶರ್ ಇಳಿಸಿದರೆ ಗ್ಯಾಸ್ ಸುಮಾರು ಅರ್ಧ ಡಿಗ್ರಿ ತಣ್ಣಗಾಗುತ್ತೆ. ಹೀಟಿಂಗ್ ಇಲ್ಲದಿದ್ದರೆ ನೀರು ಅಲ್ಲೇ ನಿಂತುಬಿಡುತ್ತೆ, ಮೀಟರ್ ತನಕ ಬರೋದೇ ಇಲ್ಲ. ಆಗಲೂ ರೀಡಿಂಗ್ ‘ಒಣ’ ಅಂತಾನೇ ಬರುತ್ತೆ. ಫಿಲ್ಟರ್ ಬಿಚ್ಚಿ ಬೆರಳಲ್ಲಿ ಮುಟ್ಟಿ, ಅಂಟಂಟಾಗಿದ್ದರೆ ಗ್ಲೈಕಾಲ್ ಬಂದಿರಬಹುದು.

ಉತ್ತರ 4: ಬಜೆಟ್ ಇದ್ದರೆ ಲೇಸರ್ ಅನಲೈಸರ್ ನೋಡಿ. ಸೆನ್ಸರ್‌ಗೆ ಗ್ಯಾಸ್ ತಗಲೋದಿಲ್ಲ, ಬೇಗ ಸ್ಪಂದಿಸುತ್ತೆ. ಆದರೆ ಮೀಥೇನ್ ಕೂಡ ಅದೇ ಬೆಳಕನ್ನು ಸ್ವಲ್ಪ ಹೀರುತ್ತೆ. ನಿಮ್ಮ ಗ್ಯಾಸ್‌ನ ಸಂಯೋಜನೆ ಬದಲಾಗ್ತಾ ಇರುತ್ತಾ ಅಂತ ಕೊಳ್ಳುವ ಮೊದಲೇ ತಯಾರಕರಿಗೆ ಹೇಳಿ.

ಉತ್ತರ 3 (ಮತ್ತೆ): ಅಂದಹಾಗೆ, ಎರಡೂ ಮೀಟರ್‌ಗೆ ಸ್ಯಾಂಪಲ್ ಒಂದೇ ಟ್ಯಾಪ್‌ನಿಂದ ಹೋಗ್ತಿದೆಯಾ?