ಎಲ್‌ಇಡಿ ಹೊತ್ತುತ್ತದೆ, ಆದರೆ ಆರುವುದೇ ಇಲ್ಲ (ಆರ್ಡುಯಿನೋ ಊನೋ, ಕ್ಲಾಸ್ ಬಳಸಿ ಬರೆದ ಕೋಡ್)

ಪ್ರಶ್ನೆ, ಸಕಲೇಶಪುರದಿಂದ:
ನಮಸ್ಕಾರ. ಕಾಫಿ ತೋಟದ ಪಂಪ್‌ಹೌಸಿಗೆ ಒಂದು ಸೂಚಕ ಫಲಕ ಮಾಡುತ್ತಿದ್ದೇನೆ. ಆರ್ಡುಯಿನೋ ಊನೋ ಎಂಬ ಪ್ರೋಗ್ರಾಂ ಮಾಡಬಲ್ಲ ಸಣ್ಣ ಬೋರ್ಡಿನ 8 ಮತ್ತು 9ನೇ ಪಿನ್‌ಗಳಿಗೆ 220 ಓಮ್ ರೆಸಿಸ್ಟರ್ ಮೂಲಕ ಹಸಿರು, ಕೆಂಪು ಎಲ್‌ಇಡಿ ಜೋಡಿಸಿದ್ದೇನೆ. ಹಸಿರು 500, ಕೆಂಪು 1200 ಮಿಲಿಸೆಕೆಂಡಿಗೊಮ್ಮೆ ಸ್ಥಿತಿ ಬದಲಿಸಬೇಕು. ಒಂದು ಕ್ಲಾಸ್ (ದೀಪದ ಕೋಡಿನ ಅಚ್ಚು) ಬರೆದು, ಅದರಿಂದ ದೀಪಕ್ಕೊಂದರಂತೆ ಎರಡು ಆಬ್ಜೆಕ್ಟ್ ಮಾಡಿ ಅರೇಯಲ್ಲಿ (ಪಟ್ಟಿಯಲ್ಲಿ) ಇಟ್ಟಿದ್ದೇನೆ. ತನ್ನ ಪಿನ್, ಅವಧಿ, ಸ್ಥಿತಿ, ಹಿಂದಿನ ಬದಲಾವಣೆಯ ಸಮಯ ಎಲ್ಲವನ್ನೂ ಆಬ್ಜೆಕ್ಟೇ ಇಟ್ಟುಕೊಳ್ಳುತ್ತದೆ. ಪ್ರೋಗ್ರಾಂ ಅನ್ನು ತಡೆದು ನಿಲ್ಲಿಸುವ ‘ಡಿಲೇ’ ಎಲ್ಲಿಯೂ ಇಲ್ಲ, ಶುರುವಾದಾಗಿನಿಂದ ಕಳೆದ ಮಿಲಿಸೆಕೆಂಡು ಹೇಳುವ ‘ಮಿಲಿಸ್’ ಮಾತ್ರ. ಪ್ರೋಗ್ರಾಂ ಶುರುವಾದ ಅರ್ಧ ಸೆಕೆಂಡಿಗೆ ಹಸಿರು ಹೊತ್ತುತ್ತದೆ, ಸ್ವಲ್ಪ ಹೊತ್ತಿಗೆ ಕೆಂಪೂ ಹೊತ್ತುತ್ತದೆ. ಆಮೇಲೆ ಎರಡೂ ಹಾಗೆಯೇ ಉಳಿಯುತ್ತವೆ. ಬೋರ್ಡ್ ಬದಲಿಸಿ ನೋಡಿದರೂ ಅದೇ ಕಥೆ.

ಉತ್ತರ, ಹಾಸನದಿಂದ:
ಬೋರ್ಡನ್ನೂ ವೈರಿಂಗನ್ನೂ ಬಿಟ್ಟುಬಿಡಿ. ಎರಡೂ ದೀಪಗಳು ಸರಿಯಾದ ಸಮಯಕ್ಕೇ ಹೊತ್ತುತ್ತಿವೆ, ಹಾಗಾಗಿ ಲೆಕ್ಕವೂ ಸರಿಯಿದೆ. ಹೊತ್ತಿದ್ದು ಆಬ್ಜೆಕ್ಟಿಗೆ ನೆನಪಿಲ್ಲ, ಅಷ್ಟೇ. ಅರೇಯನ್ನು ಹೇಗೆ ಸುತ್ತುತ್ತಿದ್ದೀರಿ?

ಸಕಲೇಶಪುರ:
‘ಫಾರ್’ ಲೂಪಿನ ಆವರಣದಲ್ಲಿ ಕ್ಲಾಸಿನ ಹೆಸರು, ವೇರಿಯಬಲ್, ಕೋಲನ್, ಅರೇಯ ಹೆಸರು. ಒಳಗೆ, ಅವಧಿ ಮುಗಿದಿದ್ದರೆ ದೀಪದ ಸ್ಥಿತಿ ಬದಲಿಸುವ ‘ಅಪ್‌ಡೇಟ್’ ಫಂಕ್ಷನ್ ಕರೆಯುತ್ತೇನೆ.

ಹಾಸನ:
ತೊಡಕು ಅಲ್ಲೇ ಇದೆ. ಹಾಗೆ ಬರೆದರೆ ಸಿ ಪ್ಲಸ್ ಪ್ಲಸ್ (ಆರ್ಡುಯಿನೋ ಕೋಡಿನ ಭಾಷೆ) ಪ್ರತಿ ಸುತ್ತಿನಲ್ಲೂ ಆಬ್ಜೆಕ್ಟಿನ ನಕಲನ್ನು ಕೊಡುತ್ತದೆ. ಪಹಣಿಯ ಜೆರಾಕ್ಸ್ ಪ್ರತಿಯಲ್ಲಿ ತಿದ್ದಿದರೆ ಮೂಲ ದಾಖಲೆ ಬದಲಾಗುವುದಿಲ್ಲವಲ್ಲ, ಹಾಗೆ. ನಕಲು ‘ಆರಿದ್ದೇನೆ, ಅವಧಿ ಮುಗಿದಿದೆ’ ಎಂದುಕೊಂಡು ದೀಪ ಹೊತ್ತಿಸಿ ಅಳಿದುಹೋಗುತ್ತದೆ. ಮೂಲದಲ್ಲಿ ಸ್ಥಿತಿ ಇನ್ನೂ ‘ಆರಿದೆ’, ಸಮಯ ಇನ್ನೂ 0. ಮುಂದಿನ ಸುತ್ತಿನಲ್ಲಿ ಹೊಸ ನಕಲು ಮತ್ತೆ ಹೊತ್ತಿಸುತ್ತದೆ. ಆರಿಸುವ ಸರದಿ ಬರುವುದೇ ಇಲ್ಲ. ಕ್ಲಾಸಿನ ಹೆಸರಿಗೂ ವೇರಿಯಬಲ್‌ಗೂ ನಡುವೆ ಒಂದು & ಹಾಕಿ; ಆಗ ನಕಲಿನ ಬದಲು ಮೂಲ ಆಬ್ಜೆಕ್ಟೇ ಸಿಗುತ್ತದೆ. ಆಬ್ಜೆಕ್ಟನ್ನು ಫಂಕ್ಷನ್‌ಗೆ ಕೊಡುವಾಗಲೂ ಇದು ಬೇಕು. ಜಾವಾ, ಪೈಥಾನ್ ಭಾಷೆಗಳಿಂದ ಬಂದವರಿಗೆ ಇದು ಸುಲಭವಾಗಿ ಹೊಳೆಯುವುದಿಲ್ಲ, ಏಕೆಂದರೆ ಅಲ್ಲಿ ಇಂತಹ ಲೂಪ್ ಆಬ್ಜೆಕ್ಟನ್ನು ನಕಲು ಮಾಡುವುದಿಲ್ಲ.

ಸಕಲೇಶಪುರ:
ಮಿನುಗಿದವು, ತುಂಬಾ ಸಂತೋಷವಾಯಿತು! ಆದರೆ ಅರ್ಧ ನಿಮಿಷ ದಾಟಿದ ಮೇಲೆ ಎರಡೂ ಮಿನುಗುವುದನ್ನು ಬಿಟ್ಟು ಮಂಕಾಗಿ ಉರಿಯುತ್ತವೆ.

ಹಾಸನ:
ಹಿಂದಿನ ಬದಲಾವಣೆಯ ಸಮಯವನ್ನು ‘ಇಂಟ್’ (ಪೂರ್ಣಾಂಕ) ಬಗೆಯ ವೇರಿಯಬಲ್‌ನಲ್ಲಿ ಇಟ್ಟಿದ್ದೀರಿ ಅನ್ನಿಸುತ್ತದೆ. ಊನೋದಲ್ಲಿ ‘ಇಂಟ್’ 16 ಬಿಟ್, 32,767ಕ್ಕಿಂತ ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸದು. ಮಿಲಿಸೆಕೆಂಡಿನಲ್ಲಿ ಅದು ಸುಮಾರು 33 ಸೆಕೆಂಡು. ಅದನ್ನು ದಾಟಿದರೆ ಹಿಂದಿನ ಸಮಯ ತಪ್ಪಾಗಿ ದಾಖಲಾಗುತ್ತದೆ, ಈಗಿನ ಸಮಯದಿಂದ ಅದನ್ನು ಕಳೆದರೆ ಬರುವ ಉತ್ತರ ಯಾವಾಗಲೂ ಅವಧಿಗಿಂತ ದೊಡ್ಡದು. ಆಗ ಪ್ರತಿ ಲೂಪಿನಲ್ಲೂ ದೀಪ ಹೊತ್ತಿ ಆರುವುದರಿಂದ ಕಣ್ಣಿಗೆ ಮಂಕಾಗಿ ಕಾಣುತ್ತದೆ. ಅದರ ಬದಲು ಇನ್ನೂ ದೊಡ್ಡ ಸಂಖ್ಯೆ ಹಿಡಿಸುವ ‘ಅನ್‌ಸೈನ್ಡ್ ಲಾಂಗ್’ ಮಾಡಿ. ‘ಮಿಲಿಸ್’ ಸುಮಾರು 49.7 ದಿನಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಪಂಪ್‌ಹೌಸಿನಲ್ಲಿ ಬೋರ್ಡ್ ಅಷ್ಟು ಕಾಲ ಓಡಬಹುದು, ಆದ್ದರಿಂದ ಈಗಿನ ಸಮಯದಿಂದ ಹಿಂದಿನದನ್ನು ಕಳೆದು ಅವಧಿಯೊಡನೆ ಹೋಲಿಸುವ ಕ್ರಮವನ್ನು ಬದಲಿಸಬೇಡಿ. ಹಿಂದಿನ ಸಮಯಕ್ಕೆ ಅವಧಿ ಕೂಡಿಸಿ ಹೋಲಿಸಿದರೆ ಆ ಹೊತ್ತಿಗೆ ತಪ್ಪುತ್ತದೆ.

ಸಕಲೇಶಪುರ:
ಬೆಳಗಿನಿಂದ ಸರಿಯಾಗಿ ಮಿನುಗುತ್ತಿವೆ. ಟ್ಯಾಂಕ್ ತುಂಬಿದ್ದನ್ನು ತೋರಿಸಲು ಹಳದಿ ದೀಪವನ್ನೂ ಸೇರಿಸಿದೆ; ಅರೇಗೆ ಒಂದು ಸಾಲು ಸಾಕಾಯಿತು. ಧನ್ಯವಾದ ಸರ್.