ಪದಚರ್ಚೆ: ‘ಸಂಸ್ಥೆ’ ಎಂದರೆ ಕಟ್ಟಡವೋ, ಕಟ್ಟಳೆಯೋ?

ಎಲ್ಲರಿಗೂ ನಮಸ್ಕಾರ.

ನಮ್ಮ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಕನ್ನಡ ಮಾಧ್ಯಮದಲ್ಲಿ ಬಿ.ಎ. ಸಮಾಜಶಾಸ್ತ್ರ ಓದುವವರಿಗೆ ಆರಂಭದಲ್ಲೇ ಮೂರು ಪದಗಳು ಒಟ್ಟಿಗೆ ಎದುರಾಗುತ್ತವೆ: ಸಮುದಾಯ, ಸಂಘ, ಸಂಸ್ಥೆ. ‘ಸಾಮಾಜಿಕ ಸಂಸ್ಥೆ ಎಂದರೇನು? ಉದಾಹರಣೆ ಕೊಡಿ’ ಎಂದು ಕೇಳಿದರೆ ಶಾಲೆ, ಬ್ಯಾಂಕು, ಸಾರಿಗೆ ಸಂಸ್ಥೆ, ಅನಾಥಾಶ್ರಮ ಎಂದು ಬರೆಯುವವರೇ ಹೆಚ್ಚು. ಪಠ್ಯದಲ್ಲಿರುವುದು ವಿವಾಹ, ಆಸ್ತಿ, ಜಾತಿ. ಮಾತಿನಲ್ಲಿ ‘ಸಂಘ-ಸಂಸ್ಥೆಗಳು’ ಎಂದು ಜೋಡಿಸಿಯೇ ಹೇಳುತ್ತೇವೆ. ಪರೀಕ್ಷೆಯಲ್ಲಿ ಮಾತ್ರ ಎರಡರ ವ್ಯತ್ಯಾಸ ಬರೆಯಿರಿ ಎನ್ನುತ್ತಾರೆ. ಹಾಗಾದರೆ ಈ ಪಾರಿಭಾಷಿಕ ಪದವೇ ಸರಿಯಿಲ್ಲವೆ? ‘ಕಟ್ಟಳೆ’, ‘ಏರ್ಪಾಡು’ ಎಂದು ಬದಲಿಸಬಹುದೆ? ಬಲ್ಲವರು ತಿಳಿಸಬೇಕು.

* * *

ಪದ ಸರಿಯಾಗಿಯೇ ಇದೆ. ಜಾರಿರುವುದು ನಮ್ಮ ದಿನಬಳಕೆಯ ಅರ್ಥ.

‘ಸಂ’ ಮತ್ತು ‘ಸ್ಥಾ’ ಸೇರಿ ಸಂಸ್ಥಾ. ನೆಲೆಗೊಂಡದ್ದು, ನೆಲೆಗೊಂಡ ಕ್ರಮ, ರೂಪ ಎಂಬ ಅರ್ಥಗಳು ಅದಕ್ಕೆ ಸಂಸ್ಕೃತದಲ್ಲಿವೆ. ಅಗ್ನಿಷ್ಟೋಮ ಮೊದಲಾದ ಏಳು ಸೋಮಯಾಗಗಳನ್ನು ‘ಸಪ್ತ ಸೋಮಸಂಸ್ಥೆಗಳು’ ಎನ್ನುತ್ತಾರೆ. ಅಲ್ಲಿ ಸಂಸ್ಥೆ ಎಂದರೆ ಯಾಗಶಾಲೆಯಲ್ಲ, ಯಾಗ ಮಾಡಿಸುವ ಋತ್ವಿಜರ ಕೂಟವೂ ಅಲ್ಲ. ಯಾಗ ನಡೆಯುವ ಗೊತ್ತಾದ ರೂಪ. ಸಮಾಜಶಾಸ್ತ್ರದ ಅರ್ಥ ಈ ಹಳೆಯ ಅರ್ಥಕ್ಕೆ ಎಷ್ಟು ಹತ್ತಿರವಿದೆ ನೋಡಿ. ಮುಂದೆ ಶಿಕ್ಷಣ ಸಂಸ್ಥೆ, ಸ್ಥಳೀಯ ಸಂಸ್ಥೆ, ಸ್ವಯಂಸೇವಾ ಸಂಸ್ಥೆ ಎಂದು ಬೋರ್ಡುಗಳ ಮೇಲೆ ಬರೆಸುತ್ತಾ ಹೋದೆವು. ಕ್ರಮವನ್ನು ಹೇಳುತ್ತಿದ್ದ ಪದ ಕಚೇರಿಗೂ ಕಟ್ಟಡಕ್ಕೂ ಅಂಟಿಕೊಂಡಿತು.

ಪಠ್ಯಗಳು ಸಂಘ, ಸಂಸ್ಥೆಗಳ ವ್ಯತ್ಯಾಸವನ್ನು ಮುಖ್ಯವಾಗಿ ತೆಗೆದುಕೊಂಡಿರುವುದು ಸಮಾಜಶಾಸ್ತ್ರಜ್ಞ ಮ್ಯಾಕೈವರ್ ಅವರಿಂದ. ಸಹಲೇಖಕ ಪೇಜ್ ಅವರ ಜೊತೆ 1949ರಲ್ಲಿ ತಂದ ‘ಸೊಸೈಟಿ’ ಎಂಬ ಪುಸ್ತಕದಲ್ಲಿ ಅವರು ಒಂದು ಜೋಡಿಪಟ್ಟಿ ಕೊಡುತ್ತಾರೆ. ಕುಟುಂಬ ಸಂಘವಾದರೆ ವಿವಾಹ, ಉತ್ತರಾಧಿಕಾರ ಅದರ ಸಂಸ್ಥೆಗಳು. ಕಾರ್ಮಿಕರ ಯೂನಿಯನ್ ಸಂಘ, ಮುಷ್ಕರ ಸಂಸ್ಥೆ. ಕಾಲೇಜು ಸಂಘ, ಉಪನ್ಯಾಸ ಮತ್ತು ಪರೀಕ್ಷಾ ಪದ್ಧತಿ ಸಂಸ್ಥೆ. ಈ ಕೊನೆಯದನ್ನು ತರಗತಿಯಲ್ಲಿ ಬಿಡಿಸಿ ಹೇಳಲೇಬೇಕು. ಗೇಟಿನ ಮೇಲೆ ‘ಶಿಕ್ಷಣ ಸಂಸ್ಥೆ’ ಎಂದು ಓದಿಕೊಂಡು ಒಳಗೆ ಬಂದ ವಿದ್ಯಾರ್ಥಿಗೆ ಕಾಲೇಜು ‘ಸಂಘ’ ಎಂದರೆ ಗಲಿಬಿಲಿಯಾಗುವುದು ಸಹಜ, ಅದು ದಡ್ಡತನವಲ್ಲ.

ಕನ್ನಡದಲ್ಲೇ ಯೋಚಿಸುವವರಿಗೆ ಕ್ರಿಯಾಪದವೇ ಒರೆಗಲ್ಲು. ಯಾವುದನ್ನು ‘ಸೇರಬಹುದೋ’, ‘ಬಿಡಬಹುದೋ’, ಯಾವುದರ ಸದಸ್ಯರನ್ನು ಎಣಿಸಬಹುದೋ ಅದು ಸಂಘ. ಯಾವುದನ್ನು ‘ಪಾಲಿಸುತ್ತಾರೋ’, ‘ಮೀರುತ್ತಾರೋ’ ಅದು ಸಂಸ್ಥೆ.

ಊರಿನ ಹಾಲು ಉತ್ಪಾದಕರ ಸಹಕಾರ ಸಂಘವನ್ನೇ ತೆಗೆದುಕೊಳ್ಳಿ. ಷೇರು ಹಣ ಕಟ್ಟಿ ಸೇರಿದವರು, ಆಡಳಿತ ಮಂಡಳಿ, ಕಾರ್ಯದರ್ಶಿ: ಇದಿಷ್ಟು ಸಂಘ. ಎರಡು ಹೊತ್ತು ಹಾಲು ಹಾಕುವುದು, ಡಿಗ್ರಿ ನೋಡುವುದು (ಹಾಲಿನ ಗಟ್ಟಿತನ ಅಳೆಯುವುದು), ಜಿಡ್ಡಿನ ಮೇಲೆ ದರ ಕಟ್ಟುವುದು, ಬಟವಾಡೆ, ವರ್ಷದ ಮಹಾಸಭೆ: ಇವು ಅದರ ಸಂಸ್ಥೆಗಳು. ಕಾರ್ಯದರ್ಶಿ ಬದಲಾದರೂ ಡಿಗ್ರಿ ನೋಡುವ ಕ್ರಮ ಉಳಿಯುತ್ತದೆ. ಪಕ್ಕದೂರಿನ ಡೈರಿಯಲ್ಲೂ ಅದೇ ಕ್ರಮ. ವ್ಯಕ್ತಿಗಳು ಬದಲಾದರೂ ನಿಲ್ಲುವುದು, ಒಂದೇ ಸಂಘಕ್ಕೆ ಕಟ್ಟುಬೀಳದಿರುವುದು, ಇವೆರಡು ಗುಣ ಸಿಕ್ಕರೆ ಸಂಸ್ಥೆ ಕೈಗೆ ಸಿಕ್ಕ ಹಾಗೆ.

* * *

ಕ್ರಿಯಾಪದದ ಒರೆಗಲ್ಲು ಚೆನ್ನಾಗಿದೆ. ಎರಡು ಮಾತು ಸೇರಿಸುತ್ತೇನೆ.

ಮೊದಲನೆಯದು, ಕುಟುಂಬ. ಮ್ಯಾಕೈವರ್ ಅದನ್ನು ಸಂಘದ ಸಾಲಿನಲ್ಲಿ ಇಟ್ಟಿದ್ದಾರೆ. ಆದರೆ ಅದೇ ಪಠ್ಯದ ಮುಂದಿನ ಘಟಕದಲ್ಲಿ ‘ಸಾಮಾಜಿಕ ಸಂಸ್ಥೆಗಳು: ವಿವಾಹ, ಕುಟುಂಬ, ಬಂಧುತ್ವ’ ಎಂಬ ಶೀರ್ಷಿಕೆ ಇರಬಹುದು. ಎರಡೂ ಸರಿ, ಮಾತನಾಡುವ ನೆಲೆ ಬೇರೆ. ‘ಅವರ ಕುಟುಂಬದಲ್ಲಿ ಐದು ಜನ’ ಎಂದಾಗ ಸಂಘ. ‘ಕೂಡು ಕುಟುಂಬ ಪದ್ಧತಿ ಒಡೆಯುತ್ತಿದೆ’ ಎಂದಾಗ ಸಂಸ್ಥೆ. ಕುಟುಂಬದ ಮುಂದೆ ‘ಪದ್ಧತಿ’ ಸೇರಿಸಿ ವಾಕ್ಯ ನಿಲ್ಲುತ್ತದೆಯೇ ನೋಡಿದರೆ ಸಾಕು.

ಎರಡನೆಯದು ‘ಸಮುದಾಯ’. ಇದರ ತೊಡಕು ‘ಸಂಸ್ಥೆ’ಗಿಂತ ದೊಡ್ಡದು ಎಂದು ನನಗನ್ನಿಸುತ್ತದೆ. ಜಾತಿ ಎಂದು ಬಾಯಿಬಿಟ್ಟು ಹೇಳಲು ಮುಜುಗರವಾದಾಗ ಪತ್ರಿಕೆಯಲ್ಲೂ ವೇದಿಕೆಯಲ್ಲೂ ‘ಆ ಸಮುದಾಯದವರು’ ಎನ್ನುತ್ತೇವೆ. ಹಾಗಾಗಿ ಸಮುದಾಯ ಎಂದರೆ ಜಾತಿ ಎಂಬ ಉತ್ತರ ಬರುತ್ತದೆ. ಮ್ಯಾಕೈವರ್ ಲೆಕ್ಕದಲ್ಲಿ ಸಮುದಾಯಕ್ಕೆ ಎರಡು ಆಧಾರ: ಒಂದು ನೆಲೆ, ಅಂದರೆ ವಾಸಸ್ಥಳ, ಇನ್ನೊಂದು ‘ನಾವೆಲ್ಲ ಒಂದು’ ಎಂಬ ಭಾವನೆ. ಬೀದರಿನಿಂದ ಚಾಮರಾಜನಗರದವರೆಗೆ ಹರಡಿಕೊಂಡಿರುವ ಜಾತಿಗೆ ಎರಡನೆಯದು ಇರಬಹುದು, ಮೊದಲನೆಯದು ಇಲ್ಲ. ಒಂದು ಹಳ್ಳಿಗೆ ಎರಡೂ ಉಂಟು.

ಹಾಗಾದರೆ ಜಾತಿಯನ್ನು ಎಲ್ಲಿಡುವುದು? ಯಾರ ಮನೆಯಲ್ಲಿ ಉಣ್ಣಬೇಕು, ಯಾರಿಗೆ ಹೆಣ್ಣು ಕೊಡಬೇಕು ಎಂದು ಗೊತ್ತುಮಾಡುವ ಜಾತಿ ಪದ್ಧತಿ ಸಂಸ್ಥೆ. 1906ರಲ್ಲಿ ಹುಟ್ಟಿದ ಒಕ್ಕಲಿಗರ ಸಂಘದಂಥದ್ದು, ಸದಸ್ಯತ್ವ, ಬೈಲಾ, ಚುನಾವಣೆ ಇರುವುದರಿಂದ, ಸಂಘ. ಅದು ನಡೆಸುವ ಕಾಲೇಜುಗಳನ್ನು ಜನ ಶಿಕ್ಷಣ ಸಂಸ್ಥೆ ಎನ್ನುತ್ತಾರೆ. ಜನ ‘ಸಮುದಾಯ’ ಎನ್ನುವ ಜಾತಿ, ಅದರ ಸಂಘ, ಸಂಘದ ಸಂಸ್ಥೆ ಎಂದು ಮೂರು ಪದವೂ ಒಂದೇ ಉದಾಹರಣೆಯಲ್ಲಿ ಸಿಗುವುದರಿಂದ ತರಗತಿಗೆ ಇದು ಬಹಳ ಅನುಕೂಲ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯನ್ನೂ ಜೊತೆಗೆ ನೆನೆಯಬಹುದು: ಅಲ್ಲಿನ ‘ಸಂಘ’ ಇಂಗ್ಲಿಷಿನಲ್ಲಿ ‘ಸೊಸೈಟಿ’. ಶಾಸ್ತ್ರದಲ್ಲಿ ‘ಸಮಾಜ’ ಆಗುವ ಪದ ಕಾನೂನಿನಲ್ಲಿ ‘ಸಂಘ’ ಆಗಿದೆ. ಏಳು ಜನ ಸೇರಿದರೆ ಸಂಘ ನೋಂದಾಯಿಸಬಹುದು. ಏಳು ಜನ ಸೇರಿ ಸಂಸ್ಥೆಯೊಂದನ್ನು ಹುಟ್ಟಿಸಲಾಗದು, ಅದು ರೂಢಿಯಲ್ಲಿ ಬೇರೂರಬೇಕು.

* * *

ಬದಲಿ ಪದದ ಬಗ್ಗೆ ಕೇಳಿದ್ದರಲ್ಲ, ಅದಕ್ಕೆ ಉತ್ತರ.

‘ಕಟ್ಟಳೆ’, ‘ಕಟ್ಟುಪಾಡು’ ಎಂದರೆ ನಿರ್ಬಂಧದ ಮುಖ ಮಾತ್ರ ಕಾಣುತ್ತದೆ. ವಿವಾಹ ಎಂಬುದು ಒಂದು ಕಟ್ಟಳೆಯಲ್ಲ. ಸೋದರಮಾವನ ಮಗಳನ್ನು ತರುವ ರೂಢಿ, ಸಗೋತ್ರ ನಿಷೇಧ, ಧಾರೆ, ವಿಚ್ಛೇದನ ಎಲ್ಲ ಸೇರಿದ ಕಟ್ಟಳೆಗಳ ಹೆಣಿಗೆ. ‘ಏರ್ಪಾಡು’ ಹಿತವಾದ ಪದ, ಆದರೆ ಊಟದ ಏರ್ಪಾಡು ಸಂಜೆಗೆ ಮುಗಿಯುತ್ತದೆ. ತಲೆಮಾರು ದಾಟುವ ಗುಣ ಅದರಲ್ಲಿ ಇಲ್ಲ. ‘ಪದ್ಧತಿ’ ತೀರಾ ಹತ್ತಿರ, ಆದರೆ ‘ಸಂಶೋಧನಾ ಪದ್ಧತಿ’ ಎಂಬ ಪಠ್ಯವಿಷಯದಲ್ಲಿ ಅದು ವಿಧಾನ ಎಂಬ ಅರ್ಥಕ್ಕೆ ಆಗಲೇ ಬಳಕೆಯಲ್ಲಿದೆ. ‘ಸಂಸ್ಥೆ’ಯನ್ನೇ ಉಳಿಸಿ, ಮೊದಲ ಸಲ ಬರೆಯುವಾಗ ತಪ್ಪದೆ ‘ಸಾಮಾಜಿಕ ಸಂಸ್ಥೆ’ ಎಂದು ಪೂರ್ತಿ ಬರೆಯುವುದೇ ಒಳ್ಳೆಯದು.

ಕ್ರಿಯಾಪದದ ಒರೆಗಲ್ಲು ಕೆಲಸ ಮಾಡದ ಒಂದು ಕಡೆಯೂ ಇದೆ. ಸಮಾಜಶಾಸ್ತ್ರಜ್ಞ ಗಾಫ್‌ಮನ್ 1961ರಲ್ಲಿ ಜೈಲು, ಮಾನಸಿಕ ಆಸ್ಪತ್ರೆ, ಸೈನಿಕರ ಬ್ಯಾರಕ್ಕುಗಳನ್ನು ‘ಸಂಪೂರ್ಣ ಸಂಸ್ಥೆಗಳು’, ಅಂದರೆ ಹೊರಜಗತ್ತಿನಿಂದ ಬೇರೆಯಾಗಿ ಇಡೀ ಬದುಕು ಒಳಗೇ ನಡೆಯುವ ತಾಣಗಳು, ಎಂದು ಕರೆದರು. ಅಲ್ಲಿ ಗೋಡೆಯೂ ಬೀಗವೂ ಅರ್ಥದ ಭಾಗ. ಇಂಗ್ಲಿಷಿನ ‘ಇನ್‌ಸ್ಟಿಟ್ಯೂಷನ್’ ಪದಕ್ಕೂ ಎರಡು ಅರ್ಥ ಇರುವುದರಿಂದ ಆ ತೊಡಕು ಅನುವಾದದಲ್ಲಿ ಹುಟ್ಟಿದ್ದಲ್ಲ.

ವ್ಯತ್ಯಾಸದ ಪ್ರಶ್ನೆಗೆ ಬರೆಯುವವರು ಎಡಬಲ ಕೋಷ್ಟಕ ಹಾಕಿ ‘ಸಂಸ್ಥೆಗೂ ಸದಸ್ಯರಿರುತ್ತಾರೆ’ ಎಂದು ಬರೆದುಬಿಡುತ್ತಾರೆ. ಅಂಕ ಹೋಗುವುದು ಅಲ್ಲೇ. ಮೊದಲು ಎರಡರ ವ್ಯಾಖ್ಯೆ, ಆಮೇಲೆ ಸದಸ್ಯತ್ವ ಮತ್ತು ನಿಯಮ, ಮೂರ್ತ ಮತ್ತು ಅಮೂರ್ತ, ಸ್ಥಾಪಿತ ಮತ್ತು ರೂಢಿಗತ ಎಂಬ ಮೂರು ಅಂಶ, ಕೊನೆಗೆ ಒಂದೇ ಜೋಡಿ ಉದಾಹರಣೆ. ಡೈರಿಯದನ್ನೇ ಬರೆದರೂ ಆದೀತು.